ತಾಯಿಯ ಮೇಲೊಂದು ಅನುಮಾನ, ನೆತ್ತರಿನಲ್ಲೊಂದು ಉತ್ತರ

ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕೂಸು ಹುಟ್ಟಿದ ಮನೆಗೆ ಹೋದವರು ಮೊದಲು ಕೇಳುವ ಮಾತು ಒಂದೇ: ‘ಯಾರ ಹಂಗ ಐತಿ?’ ಮೂಗು ಅಪ್ಪನದು, ಹಣೆ ಮುತ್ಯಾನದು, ಬಣ್ಣ ಸೋದರತ್ತೆಯದು ಎಂದು ಹಿರಿಯರು ಹಂಚಿಕೊಡುತ್ತಾರೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯೂ ಆ ಸಂತೋಷದಲ್ಲಿ ಸೇರಿಕೊಳ್ಳುತ್ತದೆ.

ಆದರೆ ಕೂಸು ಯಾರನ್ನೂ ಹೋಲದಿದ್ದರೆ? ಅಥವಾ ಅದಕ್ಕೆ ಮನೆತನದಲ್ಲಿ ಯಾರಿಗೂ ಇಲ್ಲದ ಕಾಯಿಲೆ ಬಂದರೆ? ಆಗ ಮಾತಿನ ದಾಟಿ ಬದಲಾಗುತ್ತದೆ. ತಂದೆಯನ್ನು ಯಾರೂ ಏನೂ ಕೇಳುವುದಿಲ್ಲ. ‘ನಮ್ಮ ಮನೆತನದಾಗ ಇಂಥದ್ದು ಇರಲಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ಹೊರಗಿನಿಂದ ಬಂದ ಹೆಣ್ಣುಮಗಳು ಅಪರಾಧಿಯಾಗಿಬಿಡುತ್ತಾಳೆ. ತಲೆಮಾರಿನಿಂದ ತಲೆಮಾರಿಗೆ ಗುಣಗಳು ಹರಿದುಬರುವ ಬಗೆಯನ್ನು ಮನುಷ್ಯ ಹೇಗೆ ಅರಿತುಕೊಂಡ ಎಂಬ ಇತಿಹಾಸ ಬಹುಮಟ್ಟಿಗೆ ಈ ಅನ್ಯಾಯದ ತೀರ್ಪನ್ನು ಅಳಿಸುತ್ತ ಬಂದ ಇತಿಹಾಸವೂ ಹೌದು. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಸೀಮೆಗೆ ಹತ್ತಿರದ್ದು. ಅದರ ಹೆಸರು ‘ಬಾಂಬೆ ರಕ್ತದ ಗುಂಪು’.

ಮುಂಬಯಿಯಲ್ಲಿ ಮೂವರು

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತ ಒಂದೇ ಬಗೆಯದಲ್ಲ ಎಂದು ತೋರಿಸಿದ್ದರು. ಎ, ಬಿ, ಓ, ಎಬಿ ಎಂಬ ನಾಲ್ಕು ಗುಂಪುಗಳು ಕ್ರಮೇಣ ಜಗತ್ತಿಗೆಲ್ಲ ಪರಿಚಿತವಾದವು. ಅರ್ಧ ಶತಮಾನ ಕಳೆಯಿತು. 1952ರಲ್ಲಿ ಮುಂಬಯಿಯ ಡಾ. ವೈ.ಎಂ. ಭೇಂಡೆ ಮತ್ತು ಅವರ ಸಂಗಡಿಗರು ಈ ನಾಲ್ಕರಲ್ಲಿ ಯಾವುದಕ್ಕೂ ಹೊಂದದ ರಕ್ತವನ್ನು ಕಂಡರು. ಒಬ್ಬ ರೋಗಿ ರೈಲು ಅಪಘಾತದಲ್ಲಿ ಗಾಯಗೊಂಡವನು, ಇನ್ನೊಬ್ಬ ಇರಿತಕ್ಕೆ ಒಳಗಾದವನು. ಇಬ್ಬರಿಗೂ ರಕ್ತ ಬೇಕಾಗಿತ್ತು. ಪರೀಕ್ಷೆಯಲ್ಲಿ ಅವರ ರಕ್ತ ‘ಓ’ ಗುಂಪಿನಂತೆಯೇ ಕಂಡಿತು. ಆದರೆ ‘ಓ’ ಗುಂಪಿನ ಯಾರ ರಕ್ತವೂ ಅವರಿಗೆ ಹೊಂದಲಿಲ್ಲ. ಅಂಥದೇ ರಕ್ತವಿದ್ದ ಮೂರನೆಯ ವ್ಯಕ್ತಿಯೂ ಸಿಕ್ಕಾಗ ಇದು ಹೊಸ ಬಗೆಯೇ ಎಂಬುದು ಖಚಿತವಾಯಿತು. ಅದೇ ವರ್ಷ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಮುಂದೆ ಈ ರಕ್ತಕ್ಕೆ ಊರಿನ ಹೆಸರೇ ನಿಂತಿತು.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. 1952ರಲ್ಲಿ ಚಿಕ್ಕೋಡಿ, ಅಥಣಿಗಳೂ ‘ಮುಂಬಯಿ’ಯೇ. ಬೆಳಗಾವಿ ಜಿಲ್ಲೆ ಬ್ರಿಟಿಷರ ಕಾಲದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವೂ 1949ರ ವಿಲೀನದ ಬಳಿಕ ಮುಂಬಯಿ ರಾಜ್ಯದ ಪಾಲಾಗಿತ್ತು. 1956ರ ನವೆಂಬರ್ 1ರಂದು ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದವು. ಗಿರಣಿ ಕೆಲಸಕ್ಕೆಂದು ಕೊಂಕಣದಿಂದಲೂ ಕೃಷ್ಣಾ ಕೊಳ್ಳದಿಂದಲೂ ಜನ ಮುಂಬಯಿಗೆ ಹೋಗುತ್ತಿದ್ದ ಕಾಲವದು. ಈ ರಕ್ತ ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಂಡುಬರುತ್ತದೆ ಎಂದು ಅಂದಾಜು. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ನಮ್ಮ ದೇಶದಲ್ಲಿ ದಾಖಲಾದ ಪ್ರಕರಣಗಳಲ್ಲಿ ಹೆಚ್ಚಿನವು ಮಹಾರಾಷ್ಟ್ರದವು. ಕರ್ನಾಟಕದಲ್ಲೂ ಸಾಕಷ್ಟಿವೆ. ಎರಡೂ ರಾಜ್ಯಗಳ ನಡುವೆ ಕುಳಿತಿರುವ ನಮ್ಮ ಐದು ತಾಲೂಕುಗಳು ಇದನ್ನು ಪರರ ಸುದ್ದಿ ಎಂದು ಓದುವಂತಿಲ್ಲ.

ಅಡಗಿದ್ದದ್ದು ಹೊರಬಂದ ಬಗೆ

ಕೆಂಪು ರಕ್ತಕಣದ ಮೇಲೆ ‘ಎಚ್’ ಎಂಬ ಒಂದು ವಸ್ತುವಿದೆ. ಅದು ಗೋಡೆಯಲ್ಲಿ ಹೊಡೆದ ಗೂಟವಿದ್ದಂತೆ. ‘ಎ’ ಅಥವಾ ‘ಬಿ’ ಎಂಬ ಗುರುತು ಆ ಗೂಟಕ್ಕೇ ತೂಗಬೇಕು. ಎರಡೂ ಗುರುತುಗಳಿಲ್ಲದೆ ಬರೀ ಗೂಟವಿದ್ದರೆ ಅದು ‘ಓ’ ಗುಂಪು. ಬಾಂಬೆ ಗುಂಪಿನವರಲ್ಲಿ ಗೂಟವೇ ಇಲ್ಲ. ಹಾಗಾಗಿ ಅವರ ವಂಶವಾಹಿಯಲ್ಲಿ ‘ಎ’ ಇದ್ದರೂ, ‘ಬಿ’ ಇದ್ದರೂ ಅದು ರಕ್ತಕಣದ ಮೇಲೆ ಕಾಣುವುದಿಲ್ಲ. ಸಾಮಾನ್ಯ ಪರೀಕ್ಷೆ ಅವರನ್ನು ‘ಓ’ ಎಂದೇ ಹೇಳುತ್ತದೆ. ಅದನ್ನು ನಂಬಿ ‘ಓ’ ರಕ್ತ ಏರಿಸಿದರೆ ಅವರ ದೇಹ ಆ ರಕ್ತದಲ್ಲಿರುವ ‘ಎಚ್’ ವಸ್ತುವಿನ ಮೇಲೆ ಎರಗುತ್ತದೆ. ಜೀವಕ್ಕೇ ಕುತ್ತು ಬರಬಹುದು.

1955ರಲ್ಲಿ ಫಿಲಿಪ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಕುಟುಂಬದ ರಕ್ತವನ್ನು ಪರಿಶೀಲಿಸಿದರು. ಪರೀಕ್ಷೆಯ ಪ್ರಕಾರ ತಾಯಿಯದು ‘ಓ’, ಮಗಳದು ‘ಎಬಿ’. ಪಠ್ಯಪುಸ್ತಕದ ಲೆಕ್ಕದಲ್ಲಿ ‘ಓ’ ತಾಯಿಗೆ ‘ಎಬಿ’ ಮಗು ಹುಟ್ಟುವಂತಿಲ್ಲ. ಹೆತ್ತ ತಾಯಿಯೇ ತಾಯಿಯಲ್ಲ ಎಂದು ಲೆಕ್ಕ ಹೇಳುತ್ತಿತ್ತು! ಸುಳ್ಳಾಗಿದ್ದದ್ದು ಲೆಕ್ಕ, ತಾಯಿಯಲ್ಲ. ಆಕೆಯಲ್ಲಿ ‘ಬಿ’ಯ ವಂಶವಾಹಿ ಇತ್ತು, ಗೂಟವಿಲ್ಲದೆ ಅಡಗಿತ್ತು. ಮಗಳಿಗೆ ತಂದೆಯಿಂದ ಗೂಟ ಸಿಕ್ಕಿದ್ದರಿಂದ ತಾಯಿಯ ‘ಬಿ’ ಮತ್ತೆ ಕಾಣಿಸಿಕೊಂಡಿತು. ಒಂದು ತಲೆಮಾರಿನಲ್ಲಿ ಮರೆಯಾದದ್ದು ಅಳಿದುಹೋಗಿರಲಿಲ್ಲ.

ಇದನ್ನು ನಮ್ಮ ಮನೆಗಳಿಗೆ ತಂದು ನೋಡೋಣ. ಗಂಡನ ಚೀಟಿಯಲ್ಲಿ ‘ಓ’, ಹೆಂಡತಿಯ ಚೀಟಿಯಲ್ಲಿ ‘ಓ’, ಮಗುವಿನ ಚೀಟಿಯಲ್ಲಿ ‘ಬಿ’. ಶಾಲೆಯ ವಿಜ್ಞಾನದ ಪುಸ್ತಕ ಓದಿದ ಯಾರಾದರೂ ಅದನ್ನು ನೋಡಿ ತಲೆಯಾಡಿಸಿದರೆ ಒಂದು ಸಂಸಾರ ಮುರಿಯಲು ಅಷ್ಟು ಸಾಕು. ದಂಪತಿಗಳಲ್ಲಿ ಒಬ್ಬರದು ಬಾಂಬೆ ಗುಂಪಾಗಿದ್ದರೆ ಅಂಥ ಮಗು ಹುಟ್ಟುವುದರಲ್ಲಿ ಯಾವ ಅಚ್ಚರಿಯೂ ಇಲ್ಲ. ಚೀಟಿ ಬರೆಯುವಾಗ ತಪ್ಪಾಗಿರಲೂಬಹುದು. ರಕ್ತದ ಗುಂಪಿನ ಚೀಟಿಯನ್ನು ಹೆಣ್ಣಿನ ಶೀಲದ ಪ್ರಮಾಣಪತ್ರವೆಂದು ಓದುವವನು ವಿಜ್ಞಾನಕ್ಕೂ ದ್ರೋಹ ಮಾಡುತ್ತಾನೆ, ಧರ್ಮಕ್ಕೂ ದ್ರೋಹ ಮಾಡುತ್ತಾನೆ.

ಒಂಟೆಗಳ ದೃಷ್ಟಾಂತ

ಧರ್ಮಕ್ಕೆ ಹೇಗೆಂದರೆ, ಈ ಪ್ರಶ್ನೆ ಪ್ರವಾದಿ ಮುಹಮ್ಮದ್(ಸ)ರ ಸನ್ನಿಧಿಗೂ ಬಂದಿತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಆ ಪ್ರಸಂಗವಿದೆ. ಒಬ್ಬ ಗ್ರಾಮೀಣ ಅರಬ ಬಂದು, ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಿದ್ದಾಳೆ ಎಂದ. ಮಗು ತನ್ನದಲ್ಲ ಎಂಬ ಸೂಚನೆ ಆ ಮಾತಿನಲ್ಲಿತ್ತು. ಪ್ರವಾದಿ(ಸ)ಯವರು ಅವನ ಒಂಟೆಗಳ ಬಣ್ಣ ವಿಚಾರಿಸಿದರು. ಕೆಂಪು ಎಂದ. ಅವುಗಳಲ್ಲಿ ಬೂದು ಬಣ್ಣದ್ದೇನಾದರೂ ಇದೆಯೇ ಎಂದು ಕೇಳಿದರು. ಇದೆ ಎಂದ. ಅದು ಎಲ್ಲಿಂದ ಬಂತು ಎಂದು ಕೇಳಿದಾಗ, ಹಿಂದಿನ ಯಾವುದೋ ತಳಿಯ ಗುಣ ಮರಳಿ ಬಂದಿರಬೇಕು ಎಂದು ಅವನೇ ಒಪ್ಪಿಕೊಂಡ. ಹಾಗಾದರೆ ನಿನ್ನ ಮಗನ ವಿಷಯವೂ ಹಾಗೆಯೇ ಇರಬಹುದಲ್ಲವೇ ಎಂದರು ಪ್ರವಾದಿ(ಸ). ಮಗುವನ್ನು ನಿರಾಕರಿಸಲು ಅವನಿಗೆ ಅವಕಾಶ ಸಿಗಲಿಲ್ಲ.

ಹದೀಸಿನಲ್ಲಿ ವಂಶವಾಹಿ ವಿಜ್ಞಾನವಿದೆ ಎಂದು ಮೆರೆಯಲು ಈ ಪ್ರಸಂಗವನ್ನು ಹೇಳುತ್ತಿಲ್ಲ. ಮೆಂಡೆಲ್ ತನ್ನ ಬಟಾಣಿ ಗಿಡಗಳ ಲೆಕ್ಕವನ್ನು ಮಂಡಿಸಿದ್ದು 1865ರಲ್ಲಿ; ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಇಲ್ಲಿರುವ ಪಾಠ ನ್ಯಾಯದ್ದು. ಕುರಿ, ದನ, ಒಂಟೆ ಸಾಕಿದವನಿಗೆ ಕಣ್ಣೆದುರೇ ಗೊತ್ತಿದ್ದ ಸತ್ಯವನ್ನು ಹೆಂಡತಿಯ ವಿಷಯಕ್ಕೆ ಬಂದಾಗ ಅವನು ಮರೆತಿದ್ದ. ಶೀಲವತಿಯ ಮೇಲೆ ಅಪವಾದ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತರಲಾಗದವರನ್ನು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯ ಶಿಕ್ಷಾರ್ಹರೆಂದು ಸಾರುತ್ತದೆ. ಹೋಲಿಕೆಯಿಲ್ಲದ ಮುಖ, ಹೊಂದದ ಬಣ್ಣ, ಅರ್ಥವಾಗದ ರಕ್ತದ ಚೀಟಿ ಇವು ಯಾವುವೂ ಸಾಕ್ಷಿಗಳಲ್ಲ.

ಮುಸ್ಲಿಮ್ ವೈದ್ಯರು ಮನೆತನದ ಕಾಯಿಲೆಗಳನ್ನು ಗಮನಿಸಿದ ದಾಖಲೆಯೂ ಉಂಟು. ಸ್ಪೇನಿನ ಕುರ್ತುಬಾ ನಗರದ ಅಬುಲ್ ಕಾಸಿಮ್ ಅಝ್ಝಹ್ರಾವಿ ಸಾವಿರ ವರ್ಷಗಳ ಹಿಂದೆ ‘ಅತ್ತಸ್ರೀಫ್’ ಎಂಬ ವೈದ್ಯಗ್ರಂಥವನ್ನು ರಚಿಸಿದರು. ಸಣ್ಣ ಗಾಯವಾದರೂ ರಕ್ತ ನಿಲ್ಲದೆ ಗಂಡಸರು ಸಾಯುತ್ತಿದ್ದ ಕುಟುಂಬಗಳನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಇಂದು ನಾವು ಹಿಮೋಫಿಲಿಯಾ ಎನ್ನುವ ಕಾಯಿಲೆಯ ಮೊದಲ ವರ್ಣನೆಗಳಲ್ಲಿ ಅದೊಂದು.

ಗಡಿಯಲ್ಲಿ ಕೂಡುವ ನೆಂಟಸ್ತನಗಳು

ಬಾಂಬೆ ರಕ್ತದ ಗುಣ ವಿಜ್ಞಾನದ ಭಾಷೆಯಲ್ಲಿ ‘ದುರ್ಬಲ’ ಗುಣ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಒಬ್ಬರಿಂದ ಮಾತ್ರ ಬಂದರೆ ಮಗು ಅದರ ‘ವಾಹಕ’ವಾಗುತ್ತದೆ; ಯಾವ ತೊಂದರೆಯೂ ಇಲ್ಲ, ಗೊತ್ತಾಗುವುದೂ ಇಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಗುಣ ಪ್ರಕಟವಾಗುವ ಸಂಭವವಿದೆ. ಇಂಥ ಅಪರೂಪದ ಗುಣಕ್ಕೆ ಇಬ್ಬರು ವಾಹಕರು ಗಂಟುಬೀಳುವುದು ಯಾವಾಗ? ಇಬ್ಬರಿಗೂ ಒಬ್ಬನೇ ಅಜ್ಜ ಇದ್ದಾಗ ಆ ಸಂಭವ ಹೆಚ್ಚು. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆಯಲ್ಲಿ ಇದನ್ನು ಗುರುತಿಸಿದರು. ಆ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಸೋದರ ಸಂಬಂಧಿಗಳಾಗಿದ್ದರು.

ಇಲ್ಲಿ ನಮ್ಮ ಸೀಮೆಯ ಮದುವೆಯ ಇತಿಹಾಸ ಬರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಉತ್ತರ ಭಾರತದಲ್ಲಿ ಹಿಂದೂಗಳು ಹತ್ತಿರದ ಬಂಧುಗಳಲ್ಲಿ ಮದುವೆಯಾಗುವುದಿಲ್ಲ. ದಕ್ಷಿಣದಲ್ಲಿ ಮಾವನ ಮಗಳು, ಅತ್ತೆಯ ಮಗಳು, ಅಕ್ಕನ ಮಗಳು ‘ಹಕ್ಕಿನ ಹೆಣ್ಣು’. ಮಹಾರಾಷ್ಟ್ರ ನಡುವಿನ ವಲಯ. ಅಲ್ಲಿನ ಮರಾಠ ಮತ್ತು ಕುಣಬಿಗಳಲ್ಲಿ ಮಾವನ ಮಗಳಿಗೆ ಒಪ್ಪಿಗೆಯಿದೆ, ಅತ್ತೆಯ ಮಗಳಿಗೆ ಸಾಮಾನ್ಯವಾಗಿ ಇಲ್ಲ. ಅಂದರೆ ಚಿಕ್ಕೋಡಿ, ನಿಪ್ಪಾಣಿಗಳ ಮೂಲಕ ಹಾದುಹೋಗುವುದು ಎರಡು ಭಾಷೆಗಳ ಗಡಿಯಷ್ಟೇ ಅಲ್ಲ, ಎರಡು ನೆಂಟಸ್ತನಗಳ ಗಡಿ ಕೂಡ. ಲಿಂಗಾಯತರು ಬೆಡಗು ನೋಡುತ್ತಾರೆ. ಮರಾಠರು ದೇವಕ ನೋಡುತ್ತಾರೆ. ಜೈನರು, ಕುರುಬರು, ದಲಿತರು ಅವರವರ ಬಳಿ-ಬಳಗ ನೋಡುತ್ತಾರೆ. ಎಲ್ಲರೂ ತಮ್ಮ ತಮ್ಮ ಜಾತಿಯೊಳಗೇ ಹುಡುಕುತ್ತಾರೆ.

ಮುಸ್ಲಿಮರ ಕತೆ ಸ್ವಲ್ಪ ಬೇರೆ, ಪೂರ್ತಿ ಬೇರೆಯಲ್ಲ. ಅನ್ನಿಸಾ ಅಧ್ಯಾಯದ 23ನೆಯ ಸೂಕ್ತದ ಪ್ರಕಾರ ಅಕ್ಕತಂಗಿಯರ ಮಗಳು, ಅಣ್ಣತಮ್ಮಂದಿರ ಮಗಳು ನಿಷಿದ್ಧ. ಆದ್ದರಿಂದ ಸೋದರಮಾವನಿಗೆ ಮಗಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮಾಮೂ, ಫುಫಿ, ಖಾಲಾ, ಚಾಚಾ ಇವರ ಮಕ್ಕಳ ಜೊತೆ ಮದುವೆಗೆ ಅನುಮತಿಯಿದೆ. ನೆರೆಯ ಕನ್ನಡಿಗರಿಗೆ ಚಿಕ್ಕಪ್ಪನ ಮಗಳು ತಂಗಿಯೇ, ನಮಗೆ ಹಾಗಲ್ಲ. ಆದರೆ ಬಾಗವಾನರು ಬಾಗವಾನರಲ್ಲಿ, ಪಿಂಜಾರರು ಪಿಂಜಾರರಲ್ಲಿ, ಮೋಮಿನರು ಮೋಮಿನರಲ್ಲಿ ಹುಡುಕುವ ರೂಢಿಗೆ ಯಾವ ಸೂಕ್ತದ ಆಧಾರವೂ ಇಲ್ಲ. ಅದು ಈ ನೆಲದ ಜಾತಿಯ ನೆರಳು.

ಹೀಗೆ ಮದುವೆಯಾಗಲು ಕಾರಣಗಳೂ ಇದ್ದವು. ಹೊಲ ಒಡೆಯಬಾರದು. ಮಗಳು ಗೊತ್ತಿದ್ದ ಮನೆಗೆ ಹೋಗಬೇಕು. ಅತ್ತೆಯಾಗುವವಳು ಸೋದರತ್ತೆಯೇ ಆದರೆ ವರದಕ್ಷಿಣೆಯ ಕಾಟ ಕಡಿಮೆ. ಬಡವರಿಗೆ ಇವು ಸಣ್ಣ ಕಾರಣಗಳಲ್ಲ. ಹತ್ತಿರದ ಮದುವೆಯನ್ನು ಅಜ್ಞಾನವೆಂದು ನಗುವವರು ಇದನ್ನು ತಿಳಿಯಬೇಕು.

ಲೆಕ್ಕ ಏನು ಹೇಳುತ್ತದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ವಿದೇಶಿ ವಿಜ್ಞಾನಿ ಎ.ಎಚ್. ಬಿಟಲ್ಸ್ ಮೊದಲಾದವರು 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿಯನ್ನು ಪರಿಶೀಲಿಸಿದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ‘ಇದು ಮುಸಲ್ಮಾನರ ಪದ್ಧತಿ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಅಧ್ಯಯನದಲ್ಲಿ ಇಂಥ ಮದುವೆಗಳ ಪ್ರಮಾಣ ಮುಸ್ಲಿಮರಿಗಿಂತ ಹಿಂದೂಗಳಲ್ಲೇ ಹೆಚ್ಚಿತ್ತು. ಅವರಲ್ಲಿ ಸೋದರಮಾವನ ಮದುವೆಗಳು ಗಣನೀಯವಾಗಿದ್ದವು. ಇದನ್ನು ಮರುಬಾಣವಾಗಿ ಬಳಸಬೇಕಿಲ್ಲ. ಇದು ಈ ನೆಲದ ಎಲ್ಲರ ಪದ್ಧತಿ, ಎಲ್ಲರ ಸಮಸ್ಯೆ ಎಂದು ತಿಳಿದರೆ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ಶೇ. 27ರಷ್ಟಿತ್ತು, ದೇಶದ ಸರಾಸರಿ ಶೇ. 11.

ಅಪಾಯ ಎಷ್ಟು? ಮಾವನ ಮಕ್ಕಳು ಅತ್ತೆಯ ಮಕ್ಕಳು ಪರಸ್ಪರ ತಮ್ಮ ವಂಶವಾಹಿಗಳಲ್ಲಿ ಎಂಟನೆಯ ಒಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಸೋದರಮಾವ ಮತ್ತು ಅಕ್ಕನ ಮಗಳು ನಾಲ್ಕನೆಯ ಒಂದು ಪಾಲು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ದೋಷವಿರುತ್ತದೆ. ಮಾವನ ಮಗಳು, ಅತ್ತೆಯ ಮಗ ಇಂಥ ಮದುವೆಯಲ್ಲಿ ಅದಕ್ಕೆ ಸುಮಾರು ಎರಡು ಮೂರು ಸೇರುತ್ತದೆ ಎಂದು 2002ರಲ್ಲಿ ಅಮೆರಿಕದ ವಂಶವಾಹಿ ಸಲಹೆಗಾರರ ವರದಿ ಅಂದಾಜು ಮಾಡಿತು. ಅಂದರೆ ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದರೆ ಮನೆತನದಲ್ಲಿ ಈಗಾಗಲೇ ಕಿವುಡು, ಥಲಸ್ಸೀಮಿಯಾ ಅಥವಾ ಹುಟ್ಟುತ್ತಲೇ ತೀರಿಕೊಂಡ ಮಕ್ಕಳ ಚರಿತ್ರೆಯಿದ್ದರೆ ಲೆಕ್ಕ ಬದಲಾಗುತ್ತದೆ. ತಲೆತಲಾಂತರದಿಂದ ಒಳಗೊಳಗೇ ಕೊಟ್ಟು ತಂದ ಮನೆಗಳಲ್ಲೂ ಹಾಗೆಯೇ.

ಇಮಾಮ್ ಗಝ್ಝಾಲಿ ಒಂಬೈನೂರು ವರ್ಷಗಳ ಹಿಂದೆಯೇ ‘ಇಹ್ಯಾ’ ಗ್ರಂಥದ ವಿವಾಹದ ಭಾಗದಲ್ಲಿ, ವಧು ತೀರ ಹತ್ತಿರದ ಬಂಧುವಾಗಿರದಿರುವುದು ಒಳಿತೆಂದು ಸಲಹೆ ನೀಡಿದ್ದರು. ಅನುಮತಿ ಎಂದರೆ ಆದೇಶವಲ್ಲ.

ಎಲ್ಲದಕ್ಕೂ ಹತ್ತಿರದ ಮದುವೆಯೇ ಕಾರಣ ಎನ್ನುವುದೂ ತಪ್ಪು. 1975ರ ಹೊತ್ತಿಗೆ ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲುಗಳು ಸವೆದು ಜನ ನಡೆಯಲಾಗದ ಸ್ಥಿತಿಗೆ ಬಂದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಬಾಧಿತರು ಹೆಚ್ಚಾಗಿ ದಲಿತರು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಮೊದಲು ಎದ್ದಿತ್ತು. ಕುಟುಂಬಗಳ ವಂಶಾವಳಿ ಬರೆದು ನೋಡಿದಾಗ ಅದು ‘ಪ್ರಬಲ’ ಗುಣವೆಂದು ತಿಳಿಯಿತು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಹಿಮೋಫಿಲಿಯಾದ ದಾರಿ ಇನ್ನೂ ಬೇರೆ. ಅದು ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಆದರೆ ಆ ತಾಯಿಗೂ ಅದು ತನ್ನ ತಂದೆಯಿಂದಲೇ ಬಂದಿರಬಹುದು. ಪ್ರತಿ ಕಾಯಿಲೆಗೂ ತನ್ನದೇ ನಡೆ ಇದೆ. ಯಾವ ನಡೆಯಲ್ಲೂ ‘ತಪ್ಪಿತಸ್ಥ’ ಎಂಬ ಜಾಗವಿಲ್ಲ.

ಬರ್ಲಿನ್ನಿನ ಎಚ್ಚರಿಕೆ, ನಿಪ್ಪಾಣಿಯ ನೆನಪು

ವಂಶದ ವಿದ್ಯೆ ಕೆಟ್ಟವರ ಕೈಗೂ ಬಿದ್ದಿದೆ. ಇರಾವತಿ ಕರ್ವೆ ಡಾಕ್ಟರೇಟಿಗಾಗಿ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿಗೆ ಹೋಗಿದ್ದರು. ಅವರ ಮಾರ್ಗದರ್ಶಕ ಯೂಜೆನ್ ಫಿಷರ್ ಬಿಳಿಯರ ಜನಾಂಗ ಶ್ರೇಷ್ಠವೆಂದು ನಂಬಿದವನು. ತಲೆಬುರುಡೆಗಳನ್ನು ಅಳೆದು ಅದಕ್ಕೆ ಪುರಾವೆ ಹುಡುಕುವ ಕೆಲಸ ಅವರ ಪಾಲಿಗೆ ಬಂತು. ಬುರುಡೆಯ ಓರೆಕೋರೆಗೂ ಜನಾಂಗಕ್ಕೂ ಸಂಬಂಧವಿಲ್ಲ ಎಂದು ಆ ಭಾರತೀಯ ವಿದ್ಯಾರ್ಥಿನಿ ಬರೆದರು. 1933ರಲ್ಲಿ ನಾಜಿ ಸರಕಾರ ‘ವಂಶದೋಷ’ ತಡೆಯುವ ಹೆಸರಿನಲ್ಲಿ ಕಾನೂನು ತಂದು ಸುಮಾರು ನಾಲ್ಕು ಲಕ್ಷ ಜನರಿಗೆ ಬಲವಂತದ ಸಂತಾನಹರಣ ಮಾಡಿತು.

ನಮ್ಮ ನೆಲದ ಪಾಠ ಬೇರೆ. ಡಾ. ಅಂಬೇಡ್ಕರ್ 1916ರಲ್ಲೇ, ತಮ್ಮೊಳಗೇ ಮದುವೆಯಾಗುವ ಕಟ್ಟುಪಾಡೇ ಜಾತಿಯ ತಿರುಳು ಎಂದು ವಾದಿಸಿದ್ದರು. ಅದೇ ಅಂಬೇಡ್ಕರ್ 1925ರಲ್ಲಿ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಸಮ್ಮೇಳನದಲ್ಲಿ ಮಾತನಾಡಿದರು. ಆ ಕಟ್ಟುಪಾಡಿನ ಗುರುತು ಇಂದು ವಂಶವಾಹಿಗಳಲ್ಲೂ ಕಾಣುತ್ತಿದೆ. 2009ರಲ್ಲಿ ಹೈದರಾಬಾದಿನ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ತಂಡ ಇದನ್ನು ತೋರಿಸಿತು. ಭಾರತದ ಅನೇಕ ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ಬಹುಕಾಲ ಒಳಗೊಳಗೇ ಮದುವೆಯಾಗಿವೆ. ಹಾಗಾಗಿ ಸೋದರಿಕೆಯ ಮದುವೆ ಬಿಟ್ಟು ‘ದೂರದ’ ಸಂಬಂಧ ಮಾಡಿದೆವು ಎಂದುಕೊಂಡರೂ ಸಣ್ಣ ಜಾತಿಯೊಳಗೆ ಆ ದೂರ ಬಹಳ ದೂರವಲ್ಲ. ಭಾರತೀಯರ ಬಾಂಬೆ ರಕ್ತದಲ್ಲೂ ಮತ್ತೆ ಮತ್ತೆ ಅದೇ ಒಂದು ಬದಲಾವಣೆ ಸಿಗುತ್ತದೆ ಎಂದು 1997-98ರ ಸಂಶೋಧನೆಗಳು ತಿಳಿಸಿದವು. ಹೆಸರು, ಧರ್ಮ, ಭಾಷೆ ಬೇರೆಯಾದರೂ ಎಲ್ಲೋ ಹಿಂದೆ ಒಬ್ಬನೇ ಅಜ್ಜನಿದ್ದಾನೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಹೆಣ್ಣು ನೋಡುವಾಗ ಮನೆತನದ ಕಾಯಿಲೆಗಳನ್ನು ಎರಡೂ ಕಡೆಯವರು ಮುಚ್ಚಿಡದೆ ಹೇಳಬೇಕು. ಸಂಶಯವಿದ್ದರೆ ನಿಕಾಹಿಗೆ ಮೊದಲೇ, ಗಂಡು ಹೆಣ್ಣು ಇಬ್ಬರೂ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಹೆಣ್ಣಿಗೆ ಮಾತ್ರವಲ್ಲ. ‘ಓ’ ಎಂದು ಬರೆದ ರಕ್ತ ಹೊಂದದೆ ಹೋದರೆ ‘ಎಚ್’ ಪರೀಕ್ಷೆ ಮಾಡಲು ಕೇಳಬೇಕು. ಬಾಂಬೆ ಗುಂಪಿನವರು ಇನ್ನೊಬ್ಬ ಬಾಂಬೆ ಗುಂಪಿನವರಿಂದ ಮಾತ್ರ ರಕ್ತ ಪಡೆಯಬಲ್ಲರು. ಅಂಥವರನ್ನು ಹುಡುಕುವಾಗ ವೈದ್ಯರು ಮೊದಲು ನೋಡುವುದು ಒಡಹುಟ್ಟಿದವರನ್ನು, ಏಕೆಂದರೆ ಅವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಸಂಭವವಿದೆ.

ಮನೆಯಲ್ಲಿ ಯಾರಿಗೂ ಇಲ್ಲದ್ದನ್ನು ತಂದಳೆಂದು ದೂಷಿತಳಾಗಿ ತವರು ಸೇರಿದ ಒಬ್ಬ ಅಕ್ಕ ಇರಬಹುದು. ನಾಳೆ ಅಪಘಾತದಲ್ಲಿ ಬಿದ್ದ ತಮ್ಮನನ್ನು ಮಿರಜಿಗೋ ಬೆಳಗಾವಿಗೋ ಒಯ್ದಾಗ, ಅವನನ್ನು ಉಳಿಸಬಲ್ಲ ರಕ್ತ ಅವಳೊಬ್ಬಳಲ್ಲೇ ಇರಬಹುದು. ಆ ಮಾತನ್ನು ಆಡುವ ಮೊದಲು ನಾವು ಇಷ್ಟನ್ನಾದರೂ ಯೋಚಿಸೋಣ.